ನಾವಿಬ್ಬರೂ ಹೋದ ಒಂದೇ ದೌರೆ

ಆಳಂದದ ಗುಡ್ಡಗಳನ್ನು ಸೈಕಲ್ ತುಳಿಯುತ್ತ ಹತ್ತಬಾರದು, ಇಳಿದು ನೂಕಿಕೊಂಡು ಹತ್ತಬೇಕು ಎಂದು ಮೊದಲ ದಿನವೇ ಹೇಳಿಕೊಟ್ಟವರು ಚಾಚಾ. ಅವರು ನನಗೆ ಸಂಬಂಧಿಕರಲ್ಲ. ಅಬಕಾರಿ ಕಚೇರಿಯಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಮುಸಲ್ಮಾನ ನೌಕರರು. ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ.

"ಹತ್ತುವಾಗ ಜಿದ್ದು ಮಾಡಬ್ಯಾಡ ತಮ್ಮಾ. ಗುಡ್ಡಕ್ಕ ನಿನ್ನ ವಯಸ್ಸು ಗೊತ್ತಿಲ್ಲ," ಎಂದರು. ನನಗೆ ಆಗ ಇಪ್ಪತ್ತೆರಡು.

ನಿಜಾಮರ ಕಾಲ ಅದು. ನಮ್ಮ ಕೆಲಸ ಸಿಂದಿ ಗಿಡಗಳಿಗೆ ನಂಬರು ಹಾಕುವುದು. ಈಚಲು ಗಿಡದಿಂದ ಸಿಂದಿ, ಎಂದರೆ ಹೆಂಡ, ಇಳಿಸಬೇಕಾದರೆ ಗಿಡದ ಮೇಲೆ ಸರಕಾರದ ಗುರುತು ಇರಬೇಕಿತ್ತು. ಹಳ್ಳದ ದಂಡೆ ಹಿಡಿದು ಒಂದೊಂದೇ ಬನ ಹೊಕ್ಕು, ಕಾಂಡದ ಸಿಪ್ಪೆ ಕೆತ್ತಿ, ಕಪ್ಪು ಬಣ್ಣದಲ್ಲಿ ಉರ್ದು ಅಂಕಿ ಬರೆದು ಮುಂದಿನ ಊರಿಗೆ ಹೋಗಬೇಕು. ಆಳಂದದಿಂದ ಹೊರಟರೆ ಮೊದಲ ಎರಡು ದಿನ ಬರೀ ಏರು, ಇಳುಕಲು, ಕರಿಕಲ್ಲು. ಎರಡು ಗುಡ್ಡಗಳ ನಡುವಿನ ಹಳ್ಳದಲ್ಲಿ ಈಚಲು ಬನ, ಮೇಲಿನ ಹೊಲಗಳಲ್ಲಿ ಬಿಳಿಜೋಳ, ಜೋಳದ ಸುತ್ತ ದನ ಬಾಯಿ ಹಾಕದಿರಲೆಂದು ಬಿತ್ತಿದ ಕುಸುಬಿ. ಆಮೇಲೆ ಅಫಜಲಪುರ, ಅಲ್ಲಿಂದ ಭೀಮಾ ದಂಡೆಯ ಮಣ್ಣೂರ. ತಿರುಗಿ ಚೌಡಾಪುರಕ್ಕೆ ಬಂದು, ಹರಗೋಲಿನಲ್ಲಿ ಹೊಳೆ ದಾಟಿ, ಜೇವರ್ಗಿಯ ಎರೆ ಬಯಲು. ಕೊನೆಯ ಊರು ಅಂದೋಲಾ. ಇಡೀ ಸುತ್ತಿಗೆ ನಾವು ದೌರೆ ಎನ್ನುತ್ತಿದ್ದೆವು. ಹನ್ನೆರಡು ದಿನ ಹಿಡಿಯುತ್ತಿತ್ತು.

ಚಾಚಾ ಆ ಹಾದಿಯನ್ನು ಊರಿನ ಹೆಸರಿನಿಂದ ಗುರುತಿಸುತ್ತಿರಲಿಲ್ಲ. ಎಲ್ಲಿ ಕುಸುಬಿ ಮುಳ್ಳು ದಾರಿಗೆ ಬಿದ್ದಿರುತ್ತದೆ, ಯಾವ ಬಾವಿಯ ನೀರು ಸಿಹಿ, ಯಾವ ಇಳುಕಲಿನ ಕೊನೆಗೆ ತಿರುವಿದೆ, ಇದೇ ಅವರ ಲೆಕ್ಕ. ಕಡಿದಾದ ಇಳುಕಲು ಬಂದರೆ ಜಾಲಿಯ ಟೊಂಗೆ ಕಡಿದು ಸೈಕಲ್ಲಿನ ಹಿಂದೆ ಹಗ್ಗದಿಂದ ಕಟ್ಟುತ್ತಿದ್ದರು. ಅದು ನೆಲ ಕೆರೆಯುತ್ತ, ಧೂಳೆಬ್ಬಿಸುತ್ತ ಬರುತ್ತಿತ್ತು, ಗಾಡಿ ಕೈಮೀರುತ್ತಿರಲಿಲ್ಲ.

ಚೌಡಾಪುರದಲ್ಲಿ ದಾರಿಯ ಪಕ್ಕಕ್ಕೇ ಒಂದು ಗಾಣವಿತ್ತು. ಎರಡನೆಯ ವರ್ಷದ ಚಳಿಗಾಲದಲ್ಲಿ ನನ್ನ ಚೈನು ಒಣಗಿ ಕಿರ್ರೆನ್ನತೊಡಗಿದಾಗ ಅಲ್ಲಿ ಇಳಿದು ನಾಲ್ಕು ಹನಿ ಎಣ್ಣೆ ಕೇಳಿದೆ. ಗಾಣದ ಎತ್ತು ಹೊಡೆಯುತ್ತಿದ್ದ ಹುಡುಗಿ ತೆಂಗಿನ ಕರಟದಲ್ಲಿ ಕುಸುಬಿ ಎಣ್ಣೆ ತಂದು ಕೊಟ್ಟಳು. ನಾನು ಚೈನಿಗೆ ಬಿಡುವುದನ್ನು ನಿಂತು ನೋಡಿದಳು.

"ಎತ್ತ ಇಲ್ದ ಓಡ್ತದ, ಆದ್ರೂ ಎಣ್ಣಿ ಬೇಡ್ತದ ಏನ್ರಿ ಇದು?" ಎಂದು ಕೇಳಿದಳು.

ಚಾಚಾ ನಕ್ಕುಬಿಟ್ಟರು. ಮುಂದಿನ ದೌರೆಯಲ್ಲಿ ಚೈನು ಚೆನ್ನಾಗಿಯೇ ಇತ್ತು, ಆದರೂ ಇಳಿದೆ. ಅದರ ಮುಂದಿನ ಸಲ ಚಾಚಾ ನನ್ನನ್ನು ಬಾವಿಯ ಹತ್ತಿರ ನಿಲ್ಲಿಸಿ ತಾವೇ ಒಳಗೆ ಹೋಗಿ ಅವಳ ತಂದೆಯ ಜೊತೆ ಮಾತಾಡಿ ಬಂದರು. ಅವರು ನಮ್ಮ ಪೈಕಿಯವರೇ ಎಂದು ಗೊತ್ತಾದ ಮೇಲೆ ನನ್ನ ತಾಯಿಗೂ ತಕರಾರು ಉಳಿಯಲಿಲ್ಲ. ಬೇಸಿಗೆಯಲ್ಲಿ ಮದುವೆಯಾಯಿತು.

ಅವಳು ಆಳಂದಕ್ಕೆ ಬಂದಳು. ತಿಂಗಳಲ್ಲಿ ಹನ್ನೆರಡು ದಿನ ನಾನು ಮನೆಯಲ್ಲಿರುತ್ತಿರಲಿಲ್ಲ. ಬಂದ ಮೇಲೆ ಅವಳು ಹಾದಿಯನ್ನು ಕೇಳುತ್ತಿದ್ದಳು. ಊರುಗಳನ್ನಲ್ಲ, ಹಾದಿಯನ್ನು. "ಆ ಎರಡನೇ ಗುಡ್ಡದ ಮ್ಯಾಲ ನಿಂತ್ರ ಏನ್ ಕಾಣ್ತದ್ರಿ?" ಎಂದು ಕೇಳುವಳು. ನಾನು ಹೇಳಿದ್ದನ್ನು ಮರುದಿನ ರೊಟ್ಟಿ ಬಡಿಯುತ್ತ ತನಗೆ ತಾನೇ ಹೇಳಿಕೊಳ್ಳುವಳು. ಉರ್ದು ಅಂಕಿಗಳನ್ನು ಒಲೆಯ ಬೂದಿಯಲ್ಲಿ ಬರೆದು ಕಲಿತಳು.

ಮುಂದಿನ ಮಳೆಗಾಲ ಕಳೆಯುವ ಹೊತ್ತಿಗೆ ಚಾಚಾರ ಮೊಣಕಾಲು ಕೈಕೊಟ್ಟಿತು. ಅವರನ್ನು ಕಚೇರಿಯೊಳಗೆ ಕೂರಿಸಿದರು. ತಮ್ಮ ಹಳೆಯ ಸೈಕಲ್ಲನ್ನು ಅವರು ನಮ್ಮ ಮನೆಯ ಗೋಡೆಗೆ ಒರಗಿಸಿ ಹೋದರು. "ನಂಗ ಕಣ್ಣಿಗೆ ಬಿದ್ರ ದಿಲ್ ನೋಯ್ತದ. ನಿಮ್ಮ ಮನ್ಯಾಗ ಇರ್ಲಿ," ಎಂದರು.

ಆ ಸೈಕಲ್ಲಿನ ಮೇಲೆ ಅವಳು ಹತ್ತಬೇಕು ಎಂಬ ಆಸೆ ನನ್ನದು. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಹೇಳಬೇಕಾದ ಹೊತ್ತಿನಲ್ಲಿ ನಾನಿದನ್ನು ಹೇಳಲಿಲ್ಲ. ಅವಳು ಕೇಳಲಿಲ್ಲ. ನಾನು ಬೇಡಿಕೊಂಡೆ.

"ಜನ ಏನಂತಾರ್ರಿ?" ಎಂದಳು.

"ಅನ್ಲಿ. ಗುಡ್ಡದ ಮ್ಯಾಲ ಜನ ಎಲ್ಲಿ ಇರ್ತಾರ?"

"ಅತ್ತಿಯವರು?"

"ಅವ್ವಗ ನಾ ಹೇಳ್ತೇನಿ."

ಊರ ಹೊರಗಿನ, ನೀರು ನಿಲ್ಲದ ಹಳೆಯ ಕೆರೆಯಂಗಳದಲ್ಲಿ ಬೆಳಗಿನ ಜಾವ ಕಲಿಸಿದೆ. ನಮ್ಮ ಕಡೆ ಹೆಂಗಸರು ಕಚ್ಚೆ ಹಾಕಿ ಸೀರೆ ಉಡುತ್ತಾರೆ, ಹೀಗಾಗಿ ಗಂಡಸರ ಸೈಕಲ್ಲಿನ ಅಡ್ಡ ಕೊಳವೆ ಅವಳಿಗೆ ತೊಡಕಾಗಲಿಲ್ಲ. ಎಂಟು ದಿನ ಬಿದ್ದಳು. ಒಂಬತ್ತನೆಯ ದಿನ ನಾನು ಹಿಂದಿನಿಂದ ಕೈಬಿಟ್ಟದ್ದು ತಿಳಿಯದೆ ಕೆರೆಯ ಆಚೆ ದಂಡೆಯವರೆಗೆ ಹೋಗಿ, ಇಳಿಯಲು ಬಾರದೆ ಅಲ್ಲೇ ಸುತ್ತು ಹೊಡೆಯುತ್ತ, "ನಿಲ್ಲಿಸ್ರಿ ಇದನ್ನ, ನಿಲ್ಲಿಸ್ರಿ!" ಎಂದು ಕೂಗಿದಳು. ಓಡಿಹೋಗಿ ಹ್ಯಾಂಡಲು ಹಿಡಿದೆ. ಇಬ್ಬರೂ ಕೆಳಗೆ ಬಿದ್ದು ಬಹಳ ಹೊತ್ತು ನಕ್ಕೆವು.

ತಾಯಿ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಅವಳೊಡನೆ ಅದಕ್ಕಿಂತ ಹೆಚ್ಚು ದಿನ. ತವರುಮನೆಯ ಹಾದಿಯೂ ಇದೇ ತಾನೇ ಎಂದು ನಾನು ಸಮಾಧಾನ ಹೇಳಿದೆ. ಕುಸುಬಿ ಹೂ ಬಿಟ್ಟ ಸಮಯ ನೋಡಿ ಹೊರಟೆವು.

ಆ ದೌರೆಯ ಒಂದೊಂದು ದಿನವೂ ನನಗೆ ಬೇರೆ ಬೇರೆಯಾಗಿ ನೆನಪಿದೆ. ಮೊದಲ ಗುಡ್ಡವನ್ನು ಅವಳು ನಾನೆಷ್ಟು ಹೇಳಿದರೂ ಕೇಳದೆ ತುಳಿಯುತ್ತಲೇ ಹತ್ತಲು ಹೋಗಿ ಅರ್ಧಕ್ಕೆ ಏದುಸಿರು ಬಿಡುತ್ತ ಇಳಿದಳು. ಮೇಲೆ ನಿಂತು ಕೆಳಗಿನ ಹೊಲಗಳನ್ನು ನೋಡಿದಳು. ಜೋಳದ ಹಸಿರಿನ ಸುತ್ತ ಕುಸುಬಿಯ ಹಳದಿ ಅಂಚು. "ನೀವು ಹೇಳಿದ್ದು ಕಡಿಮಿ ಆಯ್ತ್ರಿ," ಎಂದಳು. ಜಾಲಿ ಟೊಂಗೆ ಕಟ್ಟಿಕೊಂಡು ಇಳಿಯುವಾಗ ಅವಳ ಹಿಂದೆ ಎದ್ದ ಧೂಳಿನಲ್ಲಿ ನನಗೆ ದಾರಿಯೇ ಕಾಣಲಿಲ್ಲ, ಅವಳ ಕೂಗು ಮಾತ್ರ ಕೇಳುತ್ತಿತ್ತು. ಬನಗಳಲ್ಲಿ ನಾನು ಸಿಪ್ಪೆ ಕೆತ್ತಿದರೆ ಅಂಕಿ ಅವಳೇ ಬರೆಯುತ್ತಿದ್ದಳು. ನನ್ನ ಅಂಕಿಗಿಂತ ಅವಳದೇ ನೆಟ್ಟಗೆ. ಸಿಂದಿ ಇಳಿಸುವ ಒಬ್ಬ ಮುದುಕ ಗಿಡದ ಮೇಲಿನಿಂದಲೇ ಇದನ್ನು ನೋಡಿ, "ತಾಯೀ, ಇನ್ನ ನನ್ನ ಗಿಡ ಜಾಸ್ತಿ ಸುರಿತಾವ ನೋಡ್ರಿ," ಎಂದ.

ಮಣ್ಣೂರಿನಲ್ಲಿ ಹೊಳೆಗೆ ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ಅವಳ ಸುತ್ತ ನಿಂತರು. ಯಾರೋ ಗಂಟೆ ಒತ್ತಿ ನೋಡಿದರು. ಒಬ್ಬ ಅಜ್ಜಿ ತಾನೂ ಒಮ್ಮೆ ಕೂರಬೇಕೆಂದು ಹಟ ಹಿಡಿದಳು. ನಾನು ಗಾಡಿ ಹಿಡಿದೆ, ನನ್ನ ಹೆಂಡತಿ ಅಜ್ಜಿಯನ್ನು ಎತ್ತಿ ಕೂರಿಸಿದಳು. ನಾಲ್ಕು ಮಾರು ನೂಕಿದೆವು. ಅಜ್ಜಿ ಕಣ್ಣು ಮುಚ್ಚಿಕೊಂಡೇ ಇದ್ದಳು.

ಜೇವರ್ಗಿ ಕಡೆಯ ಬಯಲಿಗೆ ಬಂದಾಗ ಅವಳು ಸುಮ್ಮನಾದಳು. ಅಂದೋಲಾದ ಮಠದಲ್ಲಿ ಊಟಕ್ಕೆ ಕುಳಿತಾಗ ಅರ್ಧ ರೊಟ್ಟಿ ಬಿಟ್ಟಳು. ದಣಿವು ಎಂದಳು, ನಾನೂ ದಣಿವೇ ಎಂದುಕೊಂಡೆ. ತಿರುಗಿ ಬರುವಾಗ ಹೊಳೆ ದಾಟಿ ಈಚೆ ದಂಡೆಯ ಮರಳಿನಲ್ಲಿ ಸೈಕಲ್ ನೂಕುತ್ತಿದ್ದವಳು ತಟ್ಟನೆ ಹ್ಯಾಂಡಲು ಬಿಟ್ಟು ಕುಳಿತಳು.

"ಹೊಟ್ಟಿ ಹಿಡಕೊಂಡದ್ರಿ. ನಂಗ ಅವ್ವನ ಹಂತ್ಯಾಕ ಒಯ್ರಿ," ಎಂದಳು.

ದಾರಿಯಲ್ಲಿ ಹೋಗುತ್ತಿದ್ದ ಒಂದು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಚೌಡಾಪುರ ಮುಟ್ಟಿಸಿದೆ. ಸೂಲಗಿತ್ತಿ ಬಂದಳು. ಸಂಜೆಯೊಳಗೆ ಎಲ್ಲ ಮುಗಿದುಹೋಯಿತು. ಮೂರು ತಿಂಗಳ ಬಸಿರು ಹೋಗಿತ್ತು. ಒಂದೆರಡು ತಿಂಗಳು ಮುಟ್ಟು ತಪ್ಪಿದ್ದನ್ನು ಅವಳು ಗಮನಿಸಿದ್ದಳು, ಆದರೆ ಅದು ಬಸಿರೇ ಎಂದು ತಿಳಿದಿರಲಿಲ್ಲ. ಸೂಲಗಿತ್ತಿ ಕೈ ತೊಳೆಯುತ್ತ, "ಸೈಕಲ್ ಹತ್ತಿದ್ದಕ್ಕ ಆಗ್ಯದಂತ ನಾ ಅನ್ನಂಗಿಲ್ಲ. ಮನ್ಯಾಗ ಕುಂತವರಿಗೂ ಹಿಂಗ ಆಗ್ತಾವ," ಎಂದಳು. ಅದನ್ನು ಕೇಳಿಸಿಕೊಳ್ಳುವ ಮನಸ್ಸು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮೂರನೆಯ ದಿನ ನನ್ನ ತಾಯಿ ಆಳಂದದಿಂದ ಬಂದರು. ಗಾಣದ ಮುಂದಿನ ಕಟ್ಟೆಯ ಮೇಲೆ ಮಾವ, ಅವರ ಊರಿನ ಒಬ್ಬ ಹಿರಿಯರು, ತಾಯಿ, ನಾನು. ಅವಳು ಬಾಗಿಲ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಬಾಗಿಲು ತೆರೆದೇ ಇತ್ತು.

ಮಾವ ಸಿಟ್ಟಿನಿಂದ ಕೇಳಲಿಲ್ಲ. ಬಹಳ ಮೆತ್ತಗೆ ಕೇಳಿದರು. "ಅಳಿಯಾರ, ಹೆಣ್ಣಮಗಳನ್ನ ಇದರ ಮ್ಯಾಲ ಹತ್ತಸಬೇಕಂತ ಯಾರಿಗೆ ಅನಸ್ತು?"

ನಾನು ಬಾಯಿ ತೆರೆಯುವಷ್ಟರಲ್ಲಿ ತಾಯಿ ಹೇಳಿದರು. "ನನ್ನ ಮಗನ್ನ ಯಾಕ ಕೇಳ್ತೀರಿ? ನಿಮ್ಮ ಮಗಳೇ ಹಟಾ ಹಿಡದಳು. ಇಂವಾ ಬ್ಯಾಡ ಬ್ಯಾಡ ಅಂದ, ಕೇಳಲಿಲ್ಲ. ಹೌದಿಲ್ಲೋ?"

ಮೂವರೂ ನನ್ನ ಕಡೆ ನೋಡಿದರು. ಎತ್ತು ಗಾಣದ ಸುತ್ತ ತಿರುಗುತ್ತಿತ್ತು, ಯಾರೂ ಅದನ್ನು ನಿಲ್ಲಿಸಿರಲಿಲ್ಲ. ನಾನು ಗೋಣು ಹಾಕಿದೆ. ಹೌದು ಎಂದು ಬಾಯಲ್ಲಿ ಹೇಳಲಿಲ್ಲ, ಗೋಣು ಹಾಕಿದೆ ಅಷ್ಟೇ. ಅಲ್ಲ ಎಂದು ಹೇಳದಿದ್ದುದಕ್ಕೆ ನನ್ನ ಹತ್ತಿರ ಇವತ್ತಿಗೂ ಕಾರಣವಿಲ್ಲ. ತಾಯಿಯನ್ನು ನಾಲ್ಕು ಜನರೆದುರು ಸುಳ್ಳು ಮಾಡಬಾರದು ಎಂದು ಆಗ ಅನ್ನಿಸಿರಬಹುದು. ಹೆದರಿಕೆ ಎನ್ನುವುದೇ ಹೆಚ್ಚು ಸರಿ.

ಹಿರಿಯರು ನಿಟ್ಟುಸಿರು ಬಿಟ್ಟು, "ಹಂಗಾದ್ರ ಅಳಿಯಾರದು ಏನೂ ತಪ್ಪಿಲ್ಲ," ಎಂದರು.

ಒಳಗೆ ಹೋದಾಗ ಅವಳು ಗೋಡೆಯ ಕಡೆ ಮುಖ ಮಾಡಿದ್ದಳು. ಪಕ್ಕದಲ್ಲಿ ಕುಳಿತೆ. ತಿರುಗದೆಯೇ ಹೇಳಿದಳು. "ಕೂಸು ಹೋಯ್ತು, ಅದು ಯಾರ ಕೈಯಾಗೂ ಇರಲಿಲ್ಲ. ನಿಮ್ಮ ಕೈಯಾಗ ಒಂದೇ ಒಂದು ಮಾತು ಇತ್ತು."

ನಾನು ಅವಳ ಭುಜ ಮುಟ್ಟಿದೆ. ಅವಳು ನನ್ನ ಕೈ ಸರಿಸಲಿಲ್ಲ. ಅಲ್ಲಿ ಒಂದು ಕೈ ಇದೆ ಎಂಬುದೇ ಅವಳಿಗೆ ಗೊತ್ತಿಲ್ಲವೇನೋ ಎಂಬಂತೆ ಮಲಗಿದ್ದಳು.

ಬಾಣಂತಿಯ ಹಾಗೆ ಒಂದು ತಿಂಗಳು ತವರಲ್ಲೇ ಇರಲಿ ಎಂದರು, ಇಟ್ಟುಕೊಂಡರು. ತಿಂಗಳು ಮೂರಾಯಿತು. ಪ್ರತಿ ದೌರೆಯಲ್ಲೂ ಚೌಡಾಪುರದಲ್ಲಿ ಇಳಿಯುತ್ತಿದ್ದೆ. ಅತ್ತೆ ನೀರು ಕೊಡುತ್ತಿದ್ದರು, ಊಟಕ್ಕೆ ಬಡಿಸುತ್ತಿದ್ದರು. ಅವಳು ಹೊಲದಲ್ಲಿರುತ್ತಿದ್ದಳು, ಇಲ್ಲವೆ ಯಾರದೋ ಮನೆಗೆ ಹೋಗಿರುತ್ತಿದ್ದಳು. ಒಮ್ಮೆ ಅವಳು ಎತ್ತು ಹೊಡೆಯುತ್ತಿರುವಾಗಲೇ ಬಂದೆ. ತಪ್ಪಿಸಿಕೊಳ್ಳಲಿಲ್ಲ. "ಆರಾಮ ಇದ್ದೀರಿ?" ಎಂದು ಕೇಳಿದಳು, ಊರಿಗೆ ಬಂದ ಯಾರನ್ನೋ ಕೇಳುವ ಹಾಗೆ. ನಾನು ಹೂಂ ಎಂದೆ. ಎತ್ತಿನ ಹಿಂದೆ ಅವಳು ತಿರುಗುತ್ತ ಹೋದಳು. ಅವಳು ನನ್ನ ಕಡೆ ಬರುವುದನ್ನೂ ಹೋಗುವುದನ್ನೂ ನೋಡುತ್ತ ನಿಂತಿದ್ದೆ.

ಚಾಚಾರಿಗೆ ನಾನು ಎಲ್ಲವನ್ನೂ ಹೇಳಿದ್ದು ಆರು ತಿಂಗಳಾದ ಮೇಲೆ. ಅವರ ಮನೆಯ ಅಂಗಳದಲ್ಲಿ ಬೇವಿನ ನೆರಳಿನಲ್ಲಿ ಕುಳಿತಿದ್ದೆವು. ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದವರು ಕೈ ನಿಲ್ಲಿಸಿದರು.

"ಆ ಹುಡುಗಿನ್ನ ಬೇಡಲಿಕ್ಕೆ ನಾ ಹೋಗಿದ್ದೆ. ನಮ್ಮ ಹುಡುಗ ಛಲೋ ಅಂತ ಹೇಳಿ ಬಂದಿದ್ದೆ," ಎಂದರು. ಆಮೇಲೆ, "ಈಗರೆ ಹೋಗಿ ಹೇಳು. ಅದೇ ಕಟ್ಟಿ ಮ್ಯಾಲ, ಅದೇ ಜನರ ಮುಂದ."

"ಅವ್ವ?"

"ಅವ್ವ ಸಿಟ್ಟಾಗ್ತಾಳ, ಮತ್ತ ಸಮಾಧಾನ ಆಗ್ತಾಳ. ಅವ್ವಂದಿರು ಎಲ್ಲಿ ಹೋಗ್ತಾರೋ ಬೇಟಾ?"

ಆದರೂ ನನಗೆ ಇನ್ನೂ ನಾಲ್ಕು ತಿಂಗಳು ಬೇಕಾದವು. ದೌರೆಯ ದಿನವಲ್ಲದ ಒಂದು ದಿನ ಆಳಂದ ಬಿಟ್ಟು ಒಂದೇ ಉಸಿರಿಗೆ ಚೌಡಾಪುರಕ್ಕೆ ಹೋದೆ. ಹತ್ತುವ ಜಾಗದಲ್ಲಿ ಇಳಿಯಲಿಲ್ಲ, ಇಳುಕಲಿನಲ್ಲಿ ಟೊಂಗೆ ಕಟ್ಟಲಿಲ್ಲ. ಒಂದು ತಿರುವಿನಲ್ಲಿ ಬಿದ್ದು ಮೊಣಕೈ ತರಚಿಹೋಯಿತು. ಹಾಗೆಯೇ ರಕ್ತದ ಕೈಯಲ್ಲಿ ಕಟ್ಟೆ ಹತ್ತಿ, ಮಾವನಿಗೂ ಕರೆಸಿದ ಆ ಹಿರಿಯರಿಗೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಹತ್ತು ಎಂದವನು ನಾನು, ಅವಳು ಬೇಡ ಎಂದಿದ್ದಳು, ನನ್ನ ತಾಯಿ ಹೇಳಿದ್ದು ಸುಳ್ಳು, ನಾನು ಗೋಣು ಹಾಕಿದ್ದು ಅದಕ್ಕಿಂತ ದೊಡ್ಡ ಸುಳ್ಳು.

ಮಾವ ನೆಲ ನೋಡುತ್ತ ಕುಳಿತರು. "ಊರ ಮಂದಿ ಆಕಿನ್ನ ಏನೇನ್ ಅಂದ್ರು ನಿಮಗ ಗೊತ್ತಿಲ್ಲ," ಎಂದರು. "ಹೊಟ್ಟೀದು ತಾನೇ ತಿಂದಳು ಅಂದ್ರು. ಬಾವಿಗೆ ಹೋಗದು ಬಿಟ್ಟಿದ್ದಳು."

ಅವಳು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅಷ್ಟು ತಿಂಗಳಲ್ಲಿ ಮೊದಲ ಸಲ ನನ್ನ ಮುಖವನ್ನು ನೇರ ನೋಡಿದಳು.

"ಈಗ ಹೇಳಿದ್ದು ನಿಮ್ಮ ಸಲವಾಗಿ," ಎಂದಳು. "ನನ್ನ ಸಲವಾಗಿ ಅವತ್ತ ಹೇಳಬೇಕಾಗಿತ್ತು."

ಒಂದು ಬಟ್ಟೆ ನೀರಲ್ಲಿ ಅದ್ದಿ ತಂದು ನನ್ನ ಮೊಣಕೈ ಒರೆಸಿದಳು, ಅರಿಷಿಣ ಹಚ್ಚಿ ಕಟ್ಟಿದಳು. ನನಗೆ ಆಸೆ ಹುಟ್ಟಿತು. ಗಂಟು ಹಾಕಿ ಮುಗಿಸಿ ಅವಳು ತಂದೆಯ ಕಡೆ ತಿರುಗಿ, "ಅಪ್ಪಾ, ಸೋಡಚೀಟಿ ಕೇಳು," ಎಂದಳು. ಸೋಡಚೀಟಿ ಎಂದರೆ ಗಂಡ ಹೆಂಡತಿಯನ್ನು ಬಿಟ್ಟುಕೊಡುವ ಕಾಗದ.

ನಾನು ಬಹಳ ಬೇಡಿಕೊಂಡೆ. ಮಾವನೂ ಅವಳಿಗೆ ಹೇಳಿ ನೋಡಿದರು. ಅವಳು ಅಳಲಿಲ್ಲ, ಕೂಗಾಡಲಿಲ್ಲ. "ಇವರು ಕೆಟ್ಟವರಲ್ಲ ಅಪ್ಪಾ. ಆದ್ರ ಇವರ ಬಾಜೂಕ ನಿಂತಾಗ ನಾ ಒಬ್ಬಾಕಿನೇ ನಿಂತಂಗ ಆಗ್ತದ," ಎಂದಳು. ಒಂದು ವಾರದ ನಂತರ ಕಾಗದದ ಮೇಲೆ ಸಹಿ ಮಾಡಿದೆ. ಹಿರಿಯರು ಓದಿ ಹೇಳಿದರು, ಅವಳು ಹೆಬ್ಬೆಟ್ಟು ಒತ್ತಲಿಲ್ಲ. ಅವಳಿಗೆ ಬರೆಯಲು ಬರುತ್ತಿದ್ದುದು ಅಂಕಿ ಮಾತ್ರ. ಆ ದಿನದ ತಾರೀಖನ್ನು ತಾನೇ ಬರೆದಳು, ನೆಟ್ಟಗೆ.

ತಾಯಿಗೆ ನಾನು ಏನನ್ನೂ ಮುಚ್ಚಿಡಲಿಲ್ಲ. ಅವರು ಮತ್ತೊಂದು ಮದುವೆಯ ಮಾತು ಎತ್ತಿದಾಗಲೆಲ್ಲ ಎದ್ದು ಹೋಗುತ್ತಿದ್ದೆ. ಬರಬರುತ್ತ ಎತ್ತುವುದನ್ನು ಬಿಟ್ಟರು.

ಒಮ್ಮೆ ಮದುವೆಯಾದ ಹೆಣ್ಣನ್ನು ಮತ್ತೊಬ್ಬರಿಗೆ ಕೊಡುವುದಕ್ಕೆ ನಮ್ಮಲ್ಲಿ ಉಡಕಿ ಎನ್ನುತ್ತಾರೆ. ಮುಂದಿನ ವರ್ಷ ಅವಳಿಗೆ ಉಡಕಿಯಾಯಿತು. ಹೆಂಡತಿ ತೀರಿಕೊಂಡ, ಹೊಲ ಇದ್ದ ಒಬ್ಬ ಗಂಡಸು. ಊರು ಅಂದೋಲಾ. ನನ್ನ ದೌರೆಯ ಕೊನೆಯ ಊರು.

ಯುದ್ಧದ ಕಾಲ ಬಂತು. ಟಾಯರು, ಟ್ಯೂಬು ಸಿಗದಾದವು. ತೇಪೆಯ ಮೇಲೆ ತೇಪೆ ಹಾಕಿ, ಕೊನೆಗೆ ಟಾಯರಿನೊಳಗೆ ಹಳೆಯ ಚಿಂದಿ ತುರುಕಿ ಓಡಿಸುತ್ತಿದ್ದೆ. ಗಾಡಿ ಕುದುರೆಯಂತೆ ಜಿಗಿಯುತ್ತಿತ್ತು. ಅಂದೋಲಾದ ಬನಗಳಿಗೆ ಊರ ಹೊರಗಿನ ಹೊಲದ ಬದುವಿನಲ್ಲೇ ಸುತ್ತು ಹಾಕಿ ಹೋಗುತ್ತಿದ್ದೆ. ಎರಡು ಮೈಲಿ ಹೆಚ್ಚಾಗುತ್ತಿತ್ತು, ಎರೆಯಲ್ಲಿ ಚಕ್ರ ಹೂತುಹೋಗುತ್ತಿತ್ತು. ಊರೊಳಗಿನ ದಾರಿ ಹಿಡಿಯಲು ನನ್ನ ಕೈಲಾಗಲಿಲ್ಲ. ಚಾಚಾ ಆ ವರ್ಷಗಳಲ್ಲೇ ತೀರಿಕೊಂಡರು. ಅವರ ನಂತರ ನನ್ನ ತಾಯಿ.

ತಾಯಿ ತೀರಿದ ಎರಡು ತಿಂಗಳಿಗೆ, ಮಧ್ಯಾಹ್ನದ ಹೊತ್ತು, ಹೊಳೆ ದಾಟಲು ಹರಗೋಲಿನಲ್ಲಿ ಸೈಕಲ್ ಇಟ್ಟು ಕುಳಿತಿದ್ದೆ. ಅಂಬಿಗ ಇನ್ನೇನು ದಡ ಬಿಡಬೇಕು, ಒಬ್ಬಳು ಹೆಂಗಸು ನಾಲ್ಕು ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ಓಡಿ ಬಂದು ಹತ್ತಿದಳು. ಕುಳಿತ ಮೇಲೆ ನನ್ನನ್ನು ನೋಡಿದಳು. ಇಳಿಯುವ ಹಾಗಿರಲಿಲ್ಲ, ಹರಗೋಲು ಆಗಲೇ ನೀರಿಗೆ ಬಿದ್ದಿತ್ತು.

ಸ್ವಲ್ಪ ದಪ್ಪಗಾಗಿದ್ದಳು. ತವರಿಗೆ ಹೋಗಿ ತಿರುಗಿ ಹೊರಟಿದ್ದಳೆಂದು ಕಾಣುತ್ತದೆ, ಕೈಯಲ್ಲಿ ಗಂಟು ಇತ್ತು. ಹೊಳೆಯ ಕಾಲುಭಾಗ ಕಳೆದ ಮೇಲೆ ಕೇಳಿದಳು. "ಅತ್ತಿಯವರು ಹೋದ್ರಂತ. ಅಪ್ಪ ಹೇಳಿದ."

"ಹೌದು."

"ಕಡೀತನಕ ನನ್ನ ಮ್ಯಾಲ ಸಿಟ್ಟು ಇತ್ತೇನ್ರಿ?"

ಇಲ್ಲ ಎನ್ನಬಹುದಿತ್ತು. ಕೊನೆಯ ದಿನಗಳಲ್ಲಿ ನಿನ್ನನ್ನೇ ನೆನೆದರು ಎಂದಿದ್ದರೆ ಅವಳಿಗೆ ಹಿತವಾಗುತ್ತಿತ್ತೇನೋ. "ಇತ್ತು," ಎಂದೆ. "ನಿನ್ನ ಮ್ಯಾಲ ಅಲ್ಲ, ನನ್ನ ಮ್ಯಾಲ. ಆದ್ರ ನಿನ್ನ ಹೆಸರು ಎತ್ತಿದ್ರ ಮುಖಾ ತಿರುವುತ್ತಿದ್ದರು."

ಅವಳು ಗೋಣು ಹಾಕಿದಳು. ಮಗು ಸೈಕಲ್ಲಿನ ಗಂಟೆಯನ್ನು ನೋಡುತ್ತಿದ್ದುದು ಅವಳ ಕಡೆ ತಿರುಗಿ, "ಯವ್ವಾ, ಇವರು ಯಾರು?" ಎಂದು ಕೇಳಿತು.

ಅಂಬಿಗ ಕೂಡ ನಮ್ಮ ಕಡೆ ನೋಡಿದ.

"ನಮ್ಮ ತವರಮನಿ ಹಾದಿ ಬಲ್ಲವರು," ಎಂದಳು.

ಆಚೆ ದಡದಲ್ಲಿ ಒಂದು ಗಾಡಿ ಕಾಯುತ್ತಿತ್ತು. ಗಡ್ಡ ನರೆತ ಒಬ್ಬರು ನೀರಿಗಿಳಿದು ಬಂದು ಮಗುವನ್ನು ಎತ್ತಿಕೊಂಡರು, ಮತ್ತೊಂದು ಕೈಯನ್ನು ಅವಳಿಗೆ ಕೊಟ್ಟರು. ಮುಖದಲ್ಲಿ ಒಳ್ಳೆಯತನವಿತ್ತು. ನನ್ನ ಸೈಕಲ್ ಇಳಿಸಲೂ ಕೈ ಹಚ್ಚಿದರು. "ಅಂದೋಲಾ ಕಡೆ ಹೊಂಟೀರೇನ್ರಿ? ಗಾಡ್ಯಾಗ ಹಾಕ್ರಿ, ಬರ್ರಿ," ಎಂದರು. ಅವಳು ಬೇರೆ ಕಡೆ ನೋಡುತ್ತ ಮಗುವಿನ ಅಂಗಿ ಹಿಂಡುತ್ತಿದ್ದಳು.

"ಇಲ್ರಿ, ನನ್ನ ಹಾದಿ ಬ್ಯಾರೆ," ಎಂದೆ.

ಗಾಡಿ ಕಣ್ಮರೆಯಾಗುವವರೆಗೆ ಮರಳಿನಲ್ಲೇ ಕುಳಿತಿದ್ದೆ. ಅಂಬಿಗ ಎರಡು ಸುತ್ತು ಜನರನ್ನು ದಾಟಿಸಿ ಬಂದು, ಬಿಸಿಲು ತಗಲೀತು ಏಳ್ರಿ ಎಂದ. ಆ ಸಲ ಅಂದೋಲಾಕ್ಕೆ ಹೋಗಲಿಲ್ಲ. ತಿರುಗಿ ಹೊಳೆ ದಾಟಿ ಆಳಂದಕ್ಕೆ ಬಂದು, ಮೈಯಲ್ಲಿ ಆರಾಮಿಲ್ಲ, ಇನ್ನು ದೌರೆ ನನ್ನಿಂದಾಗದು ಎಂದು ಅರ್ಜಿ ಬರೆದುಕೊಟ್ಟೆ. ನನ್ನನ್ನೂ ಕಚೇರಿಯೊಳಗೆ ಕೂರಿಸಿದರು. ಅವಳನ್ನು ಮತ್ತೆ ನೋಡಲಿಲ್ಲ.